ಭಾವನ ರಕ್ತಕ್ಕೆ ಕಮಟು ಪರೀಕ್ಷೆ

ನಮ್ಮ ಭಾವ ದೇವರನ್ನು ನಂಬುತ್ತಾರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ದೇವರ ಮುಂದೆ ಉರಿಯುವ ದೀಪದ ಎಣ್ಣೆಯನ್ನು ಮಾತ್ರ ಅವರು ಒಂದು ದಿನವೂ ನಂಬಿದವರಲ್ಲ! ಊರ ಗುಡಿಯಲ್ಲಿ ಮಂಗಳಾರತಿಯ ಹೊತ್ತಿಗೆ ನಾವೆಲ್ಲ ಕಣ್ಣು ಮುಚ್ಚಿ ಕೈ ಮುಗಿದರೆ ಇವರು ಕಣ್ಣು ಮುಚ್ಚಿ ಮೂಗು ಅರಳಿಸುತ್ತಾರೆ. ತೀರ್ಥ ತೆಗೆದುಕೊಳ್ಳುವಾಗ ಪೂಜಾರಿಯ ಕಿವಿಯ ಹತ್ತಿರ ಬಗ್ಗಿ, ಎಣ್ಣೆ ಕಮಟಾಗೈತೆ, ಬದಲಾಯ್ಸಿ ಎಂದು ಪಿಸುಗುಟ್ಟಿ ಬರುತ್ತಾರೆ. ಪಾಪ, ಆ ಪೂಜಾರಿ ದೇವರಿಗಿಂತ ಇವರಿಗೇ ಹೆಚ್ಚು ಹೆದರುತ್ತಿದ್ದರು.

ಹೆಸರು ಹೇಳುವಂತಿಲ್ಲ. ಹೇಳಿದರೆ ಅಕ್ಕ ನನಗೆ ಊಟ ಹಾಕುವುದಿಲ್ಲ. ನನ್ನ ಅಕ್ಕನ ಗಂಡ, ತುರುವೇಕೆರೆಯಿಂದ ತಿಪಟೂರಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಕ್ಕೆ ಸರಿದ ಊರಿನವರು, ತೆಂಗಿನ ತೋಟದ ಯಜಮಾನರು ಎಂದರೆ ಸಾಕು. ಆ ದಾರಿಯಲ್ಲಿ ಕಣ್ಣು ಮುಚ್ಚಿ ಕಲ್ಲು ಎಸೆದರೆ ಅಂಥ ಯಜಮಾನರೊಬ್ಬರ ಮೇಲೇ ಬೀಳುತ್ತದೆ. ಹಾಗಾಗಿ ಗುಟ್ಟಿಗೆ ಭಯವಿಲ್ಲ.

ಭಾವನ ಆಸ್ತಿಯಲ್ಲಿ ನಿಜವಾಗಿ ದೊಡ್ಡದು ತೋಟವಲ್ಲ, ಮೂಗು. ಒಳಗೆ ಕೆಟ್ಟ ಕೊಬ್ಬರಿಯನ್ನು ಉಳಿದವರು ಒಡೆದು ಕಂಡುಹಿಡಿದರೆ ಇವರು ಮೂಗಿನ ಹತ್ತಿರ ತಂದು ಹೇಳಿಬಿಡುತ್ತಿದ್ದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತವರು ಹೋಳಿಗೆಯನ್ನು ಮೂಗಿಗೆ ಹಿಡಿದು ತುಪ್ಪದ ವಯಸ್ಸು ಹೇಳುತ್ತಿದ್ದರು. ಒಮ್ಮೆ ನಮ್ಮ ಕಡೆಯ ಹುಡುಗನಿಗೆ ಹುಳಿಯಾರಿನ ಹತ್ತಿರ ಹೆಣ್ಣು ನೋಡಲು ಹೋದಾಗ, ಹುಡುಗಿ ಕಾಫಿ ಕೊಟ್ಟು ಒಳಗೆ ಹೋದ ಮೇಲೆ ಎಲ್ಲರೂ ಇವರ ಮುಖ ನೋಡಿದರು. ಇವರು ಗಂಭೀರವಾಗಿ, ತಲೆಗೆ ಹಚ್ಚಿರೋ ಎಣ್ಣೆ ಒಳ್ಳೇದು, ಮನೆ ನಂಬಬಹುದು ಎಂದರು. ಮದುವೆ ಆಗಿಹೋಯಿತು! ಗಂಡ ಹೆಂಡತಿ ಇವತ್ತಿಗೂ ಚೆನ್ನಾಗಿದ್ದಾರೆ ಎನ್ನುವುದು ಬೇರೆ ಮಾತು. ಇವರು ನಮ್ಮ ಮನೆಗೆ ಬರುತ್ತಾರೆಂದು ಗೊತ್ತಾದರೆ ನನ್ನ ಹೆಂಡತಿ ಮೊದಲು ಮಾಡುವ ಕೆಲಸ ಹಪ್ಪಳ ಕರಿದ ಎಣ್ಣೆಯನ್ನು ಪಕ್ಕದ ಮನೆಗೆ ಸಾಗಿಸುವುದು.

ಇಂಥ ಭಾವನಿಗೆ ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ಏದುಸಿರು ಶುರುವಾಯಿತು. ಅಟ್ಟದ ಏಣಿ ಹತ್ತುವಾಗ ನಾಲ್ಕನೇ ಮೆಟ್ಟಿಲಲ್ಲಿ ನಿಂತು, ಏಣಿ ಮಾಡಿದ ಬಡಗಿಯನ್ನು ಬೈಯುತ್ತಿದ್ದರಂತೆ. ಪಾದ ಊದಿಕೊಂಡಿತು, ಚಪ್ಪಲಿ ಹೊಲಿದವನನ್ನು ಬೈದರು. ಮಲಗಿದರೆ ಉಸಿರು ಕಟ್ಟಿ ಮೂರು ದಿಂಬು ಬೇಕಾಯಿತು, ಹತ್ತಿ ತುಂಬಿದವನಿಗೂ ಬೈಗುಳ ಹೋಯಿತು. ಬೈಯಲು ಇನ್ನು ಯಾರೂ ಉಳಿಯದಿದ್ದಾಗ ಅಕ್ಕ ನನಗೆ ಹೇಳಿ ಕಳಿಸಿದಳು. ನಾನು ಆಗ ತಿಪಟೂರಿನಲ್ಲಿ ಕಾಲೇಜು ಹುಡುಗರಿಗೆ ಕೆಮಿಸ್ಟ್ರಿ ಪಾಠ ಹೇಳಿಕೊಂಡಿದ್ದೆ. ಓದಿದ ತಮ್ಮನಿದ್ದರೆ ಇಂಥ ಹೊತ್ತಿಗೆ ಉಪಯೋಗಕ್ಕೆ ಬರುತ್ತಾನೆ ಎಂದು ಅವಳ ನಂಬಿಕೆ. ಅದು ಎಷ್ಟು ತಪ್ಪು ನಂಬಿಕೆ ಎಂಬುದಕ್ಕೇ ಈ ಕತೆ ಹೇಳುತ್ತಿರುವುದು.

ತಿಪಟೂರಿನಿಂದ ರೈಲು ಹತ್ತಿ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದೆವು. ಎದೆ ಮೇಲೆ ಯಂತ್ರ ಆಡಿಸಿ ನೋಡಿದ ದೊಡ್ಡ ಡಾಕ್ಟರು, ಇದಕ್ಕೆ ಹಾರ್ಟ್ ಫೇಲ್ಯೂರ್ ಅನ್ನುತ್ತಾರೆ, ಹೆದರಬೇಡಿ, ಹೃದಯ ನಿಂತಿದೆ ಅಂತಲ್ಲ, ರಕ್ತ ತಳ್ಳುವ ಬಲ ಕಡಿಮೆಯಾಗಿದೆ ಅಷ್ಟೆ ಎಂದರು. ಭಾವನಿಗೆ ತಕ್ಷಣ ಅರ್ಥವಾಯಿತು. ಐದು ಎಚ್.ಪಿ. ಮೋಟರು ಎರಡು ಎಚ್.ಪಿ. ಕೆಲಸ ಮಾಡ್ತಾ ಐತೆ ಅನ್ನಿ ಎಂದು ಡಾಕ್ಟರಿಗೇ ಸಮಾಧಾನ ಹೇಳಿದರು. ಉಪ್ಪು ಕಡಿಮೆ, ನೀರು ಅಳತೆಯಲ್ಲಿ, ದಿನಾ ಮಾತ್ರೆ. ಇಷ್ಟೇ ಆಗಿದ್ದರೆ ಮನೆಗೆ ಬಂದುಬಿಡುತ್ತಿದ್ದೆವು. ಆದರೆ ಹೊರಗೆ ಒಬ್ಬ ಚಿಕ್ಕ ಡಾಕ್ಟರಮ್ಮ ಫೈಲು ಹಿಡಿದು ಕಾಯುತ್ತಿದ್ದರು.

ಆಕೆ ಇನ್ನೂ ಮೇಲಿನ ಓದು ಓದುತ್ತಿದ್ದವರು. ನಿದ್ದೆಗೆಟ್ಟು ಕಣ್ಣ ಕೆಳಗೆ ಕಪ್ಪಾಗಿತ್ತು. ಹೃದಯ ಸೋತವರ ರಕ್ತದಲ್ಲಿ ಒಂದು ವಸ್ತುವನ್ನು ಅಳೆಯುತ್ತಿದ್ದೇನೆ, ಅದು ಜಾಸ್ತಿ ಇದ್ದವರು ಮುಂದೆ ಹೇಗಿರುತ್ತಾರೆ, ಕಡಿಮೆ ಇದ್ದವರು ಹೇಗಿರುತ್ತಾರೆ ಎಂದು ಒಂದು ವರ್ಷ ನೋಡಬೇಕು, ನಿಮ್ಮ ರಕ್ತ ಕೊಡುತ್ತೀರಾ ಎಂದು ಕೇಳಿದರು. ಯಾವ ವಸ್ತು ಅದು ಎಂದು ಭಾವ ನನ್ನ ಕಡೆ ತಿರುಗಿದರು. ಇಲ್ಲಿ ನಾನು ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಮೇಷ್ಟರ ಬಾಯಿ ಕೇಳಬೇಕಲ್ಲ. ಉಸಿರಾಡುವ ಗಾಳಿಯಲ್ಲಿರುವ ಆಕ್ಸಿಜನ್ನೇ ಮೈಯೊಳಗಿನ ಕೊಬ್ಬನ್ನು ಮೆಲ್ಲಗೆ ಕೆಡಿಸುತ್ತಾ ಇರುತ್ತದೆ, ಗಟ್ಟಿ ದೇಹ ಅದನ್ನು ತಡೆಯುತ್ತದೆ, ಹೃದಯ ಸೋತಾಗ ತಡೆಯುವ ಶಕ್ತಿ ಕುಗ್ಗುತ್ತದೆ, ಕೆಟ್ಟ ಕೊಬ್ಬಿನ ಚೂರು ರಕ್ತದಲ್ಲಿ ಸಿಗುತ್ತದೆ ಎಂದೆ. ಅವರ ಮುಖ ನೋಡಿದೆ, ಅರ್ಥವಾದ ಹಾಗೆ ಕಾಣಲಿಲ್ಲ. ಆಗ ನನ್ನ ನಾಲಿಗೆ ಜಾರಿತು.

"ಕೊಬ್ಬರಿ ಕಮಟಾಗುತ್ತಲ್ಲ ಭಾವ, ಅದೇ ಇದು. ಎಣ್ಣೆ ಕಮಟಾಗಿದೆಯಾ ಅಂತ ನೋಡೋಕೂ ಹೆಚ್ಚುಕಮ್ಮಿ ಇದೇ ಪರೀಕ್ಷೆ."

ಭಾವ ಕುರ್ಚಿಯಲ್ಲಿ ನೆಟ್ಟಗಾದರು. ಮೂವತ್ತು ವರ್ಷ ಯಾವ ವಿದ್ಯೆಯಲ್ಲಿ ಅವರನ್ನು ಮೀರಿಸುವವರು ಇರಲಿಲ್ಲವೋ ಅದೇ ವಿದ್ಯೆಯಲ್ಲಿ ಈಗ ಅವರನ್ನೇ ಪರೀಕ್ಷೆ ಮಾಡಲು ಹೊರಟಿದ್ದಾರೆ! ಡಾಕ್ಟರಮ್ಮ ಎಡಗೈಗೆ ರಬ್ಬರು ಕಟ್ಟಿ ರಕ್ತ ತೆಗೆದು ಎದ್ದರು. ಇವರು ಕೈ ಮಡಿಸದೆ ಹಾಗೇ ಕೂತು, ಬಲಗೈದು ಯಾವಾಗ ಎಂದು ಕೇಳಿದರು. ಆಕೆಗೆ ಅರ್ಥವಾಗಲಿಲ್ಲ.

"ಚೀಲದ ಬಾಯಲ್ಲಿರೋದು ಒಂದು ತಗೊಂಡು ಇಡೀ ಚೀಲ ಹಿಂಗೇ ಅಂತ ಹೇಳಾಕಾಯ್ತದೇನವ್ವಾ? ಮೇಲೊಂದು, ನಡುವೊಂದು, ತಳದಾಗೊಂದು ತೆಗೀಬೇಕು. ಕಾಲಿಂದೂ ತಗಳಿ, ಊದಿರೋದು ಅದೇ."

ರಕ್ತ ಮೈಯೆಲ್ಲ ಸುತ್ತುತ್ತದೆ, ಎಲ್ಲಿ ತೆಗೆದರೂ ಒಂದೇ ಎಂದು ಆಕೆ ತಾಳ್ಮೆಯಿಂದ ಹೇಳಿದರು. ಭಾವ ಸರಿ ಎಂದು ಒಪ್ಪಿದರು. ಆದರೆ ಮೂಸಿ ನೋಡುತ್ತೇನೆ, ಸೀಸೆ ಕೊಡಿ ಎಂದರು. ಆಕೆ ಅದನ್ನು ಮಾತ್ರ ಕೊಡಲಿಲ್ಲ. ಮುಚ್ಚಳ ಹಾಕಿದ ಸೀಸೆಯನ್ನೇ ಮೂಗಿನ ಹತ್ತಿರ ಒಂದು ಸಲ ಹಾಯಿಸಲು ಬಿಟ್ಟರು. ಏನೂ ಇಲ್ಲ, ತಾಜಾ ಐತೆ ಎಂದು ಭಾವ ತೀರ್ಪು ಕೊಟ್ಟು, ಇನ್ನು ಆಸ್ಪತ್ರೆಯ ಯಂತ್ರಕ್ಕೆ ಕೆಲಸವೇ ಇಲ್ಲ ಎನ್ನುವವರಂತೆ ಎದ್ದು ಬಂದರು.

ಊರಿಗೆ ಬಂದ ಮೇಲೆ ಶುರುವಾಯಿತು ನೋಡಿ! ಕೊಬ್ಬರಿ ಕೆಡದ ಹಾಗೆ ಇಡುವುದು ಹೇಗೆ ಎಂದು ಇವರಿಗೆ ಯಾರು ಹೇಳಿಕೊಡಬೇಕು? ಮೊದಲ ನಿಯಮ, ತೇವ ತಾಗಬಾರದು. ಭಾವ ಸ್ನಾನ ನಿಲ್ಲಿಸಿದರು. ಎಂಟು ದಿನ! ಒಣಬಟ್ಟೆಯಲ್ಲಿ ಮೈ ಒರೆಸಿಕೊಂಡು ಜಗಲಿಯ ಗಾಳಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಅಕ್ಕ ಅಷ್ಟು ಸುಲಭಕ್ಕೆ ಮಾತಾಡುವವಳಲ್ಲ. ಒಂಬತ್ತನೇ ದಿನ ಹಂಡೆಗೆ ಬೆಂಕಿ ಹಾಕಿ ಬಂದು, ಇನ್ನು ಬೆಂಗಳೂರಿಗೆ ಹೋಗೋದೇನೂ ಬೇಡ, ಕಮಟು ಹಿಡಿದಿರೋದು ನಂಗೇ ಗೊತ್ತಾಗ್ತಾ ಐತೆ ಎಂದಳು. ಭಾವ ಬಚ್ಚಲಿಗೆ ಹೋದರು.

ಡಾಕ್ಟರಮ್ಮ ಇನ್ನೊಂದು ಕೆಲಸ ಹೇಳಿದ್ದರು. ಮುಂದಿನ ತಿಂಗಳು ಬರುವಾಗ ನಿಮ್ಮದೇ ವಯಸ್ಸಿನ, ಹೃದಯ ಗಟ್ಟಿ ಇರುವ ಒಬ್ಬರನ್ನು ಕರೆದುಕೊಂಡು ಬನ್ನಿ, ಪಕ್ಕದಲ್ಲಿಟ್ಟು ಹೋಲಿಸಲು ಬೇಕು ಎಂದು. ಭಾವ ಇಡೀ ತಿಂಗಳು ಯೋಚಿಸಿ ಆರಿಸಿದ್ದು ತುರುವೇಕೆರೆಯ ಒಬ್ಬ ಟೈಲರ್ ಭಾಯಿಯನ್ನು. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿ, ಒಂದೇ ವರ್ಷ ಓದು ಬಿಟ್ಟವರು. ಭಾವನ ಅಂಗಿಯೆಲ್ಲ ಹೊಲಿದುಕೊಟ್ಟವರು ಅವರೇ. ಕಡ್ಡಿಯಂಥ ಮೈ, ದಪ್ಪ ಕನ್ನಡಕ, ಬಟ್ಟೆಯ ದೂಳಿಗೆ ಸದಾ ಕೆಮ್ಮು. ಇವರನ್ನೇ ಯಾಕೆ ಎಂದು ರೈಲಿನಲ್ಲಿ ಗುಟ್ಟಾಗಿ ಕೇಳಿದೆ. ಭಾವ ಕಣ್ಣು ಮಿಟುಕಿಸಿದರು. ಮಾರ್ಕೆಟ್ಟಿನಲ್ಲಿ ನಮ್ಮ ಮಾಲು ಚೆನ್ನಾಗಿ ಕಾಣಬೇಕಾದರೆ ಪಕ್ಕದಲ್ಲಿ ಯಾರ ಮಾಲಿರಬೇಕು ಎಂಬುದು ಮುಖ್ಯವಂತೆ!

ಆಮೇಲೆ ಮೂರನೇ ಸಲ ಹೋದಾಗ ಸಿಕ್ಕ ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. ಆ ಪರೀಕ್ಷೆಯಲ್ಲಿ ಕಮಟು ಹೆಚ್ಚಿದ್ದಷ್ಟೂ ಸೀಸೆಯಲ್ಲಿ ಗುಲಾಬಿ ಬಣ್ಣ ಏರುತ್ತದೆ. ಭಾಯಿಯ ಸೀಸೆ ಎಳನೀರಿನಷ್ಟು ತಿಳಿಯಾಗಿತ್ತಂತೆ. ಭಾವನದು ಗುಲಾಬಿ. ಭಾಯಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮೂವತ್ತು ವರ್ಷದಿಂದ ನಿನ್ನ ಮೂಗು ಹೊಗಳ್ತಾ ಬಂದ್ರಲ್ಲಾ ಜನ, ಪಕ್ಕದಲ್ಲಿ ಕೂತಿರೋ ಮಾಲೇ ಗೊತ್ತಾಗ್ಲಿಲ್ಲ ಕಣ್ಲಾ ನಿಂಗೆ."

ಭಾವ ಒಂದು ವಾರ ಭಾಯಿಯ ಅಂಗಡಿ ಕಡೆ ತಲೆ ಹಾಕಲಿಲ್ಲ. ಎಂಟನೇ ದಿನ ಅಂಗಿಯ ಒಂದು ಗುಂಡಿಯನ್ನು ತಾವೇ ಕಿತ್ತುಕೊಂಡು, ಹೊಲಿಸುವ ನೆಪದಲ್ಲಿ ಹೋದರು.

ಇಲ್ಲಿಯವರೆಗೆ ಎಲ್ಲ ನಗೆಯೇ. ಆದರೆ ಫಲಿತಾಂಶ ಬರುವ ಮೊದಲೇ ಮನೆಯ ಅಂಗಳದಲ್ಲಿ ಒಂದು ರಾಶಿ ಬಿದ್ದಿತ್ತು. ಅದರ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ.

ನಮ್ಮ ಕಡೆ ಕೊಬ್ಬರಿ ಆಗಬೇಕಾದರೆ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಅಲ್ಲಿ ಅದು ಹತ್ತು ಹನ್ನೊಂದು ತಿಂಗಳು ತನ್ನ ಪಾಡಿಗೆ ಬಿದ್ದಿರಬೇಕು. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು ಗಡಗಡ ಅನ್ನುವಾಗ ಇಳಿಸಿ ಸುಲಿಯುತ್ತಾರೆ. ಅವಸರ ಮಾಡಿದರೆ ಆಗದ ಕೆಲಸ. ಭಾವನ ತಂದೆ ಒಂದು ವರ್ಷ ಅಟ್ಟ ತುಂಬಿಸಿ ಆರನೇ ತಿಂಗಳಿಗೆ ಹೋಗಿಬಿಟ್ಟರಂತೆ. ಆ ಕಾಯಿ ಇಳಿಸುವ ದಿನ ಭಾವನ ತಾಯಿ ಒಂದೊಂದು ಕಾಯನ್ನೂ ಮುಟ್ಟಿ ಮುಟ್ಟಿ ಅತ್ತರಂತೆ, ಅನ್ನ ಮುಟ್ಟಲಿಲ್ಲವಂತೆ. ಆಗ ಹದಿನೆಂಟು ವರ್ಷದವರಾಗಿದ್ದ ಭಾವ ಅವತ್ತೇ ಒಂದು ನಿಯಮ ಮಾಡಿಕೊಂಡಿದ್ದರು. ಹಾಕಿದವನೇ ಇಳಿಸಬೇಕು. ಇಳಿಸುವ ಭರವಸೆ ಇಲ್ಲದವನು ಹಾಕಬಾರದು.

ಆ ವರ್ಷ ಕಾಯಿ ಕೆಡವಿ ಅಂಗಳಕ್ಕೆ ತಂದು ಸುರಿದು ಮೂರು ವಾರವಾಗಿತ್ತು. ಅಟ್ಟ ಖಾಲಿ. ಆಳುಗಳು ದಿನಾ ಬಂದು ಕೇಳಿ ವಾಪಸು ಹೋಗುತ್ತಿದ್ದರು. ಭಾವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಳೆ ಬಂದರೆ ಕಾಯಿ ಮೊಳೆಯುತ್ತದೆ ಎಂದು ಅಕ್ಕ ಒದ್ದಾಡುತ್ತಿದ್ದಳು. ಹಸಿಕಾಯಿಯನ್ನೇ ಮಾರಿಬಿಡೋಣ ಎಂದು ನಾನು ಹೇಳಿದ್ದಕ್ಕೆ ಭಾವ ನನ್ನನ್ನು ಒಂದು ನೋಟ ನೋಡಿದರು, ಅಷ್ಟೆ. ಹಸಿಕಾಯಿ ಮಾರಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಅಕ್ಕನಿಗೂ ಗೊತ್ತಾಗುತ್ತದೆ, ಈ ಮನುಷ್ಯ ಇನ್ನು ಹನ್ನೊಂದು ತಿಂಗಳು ಬದುಕುವ ಲೆಕ್ಕ ಬಿಟ್ಟ ಎಂದು. ಹಾಕಿಸಿದರೆ ತಾನೇ ಮಾಡಿದ ನಿಯಮ ತಪ್ಪುತ್ತದೆ. ಡಾಕ್ಟರಮ್ಮನ ಪರೀಕ್ಷೆ ಏನು ಹೇಳುತ್ತದೋ ಹಾಗೆ ಮಾಡುತ್ತೇನೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದರು. ಆ ಗುಲಾಬಿ ಸೀಸೆಯ ಮೇಲೆ ಅವರು ಎಷ್ಟು ಭಾರ ಹಾಕಿದ್ದರೆಂದು ನನಗೆ ಗೊತ್ತಾಗಿದ್ದು ಮೂರನೇ ಸಲ ಬೆಂಗಳೂರಿಗೆ ಹೋದಾಗ.

ಡಾಕ್ಟರಮ್ಮ ಫೈಲು ಬಿಚ್ಚಿ, ಸ್ವಲ್ಪ ಜಾಸ್ತಿಯೇ ಇದೆ ಎಂದರು. ಭಾವ ಒಂದೇ ಪ್ರಶ್ನೆ ಕೇಳಿದರು.

"ಅದೆಲ್ಲಾ ಇರ್ಲಿ ಕಣವ್ವಾ. ನಾನು ಈ ಸಲ ಅಟ್ಟಕ್ಕೆ ಕಾಯಿ ಹಾಕ್ಲಾ, ಬ್ಯಾಡ್ವಾ?"

ನಾನು ಅಟ್ಟದ ಕತೆ ವಿವರಿಸಿ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟರು. ಈ ಪರೀಕ್ಷೆ ಒಬ್ಬೊಬ್ಬರ ಭವಿಷ್ಯ ಹೇಳುವುದಿಲ್ಲ, ಇಷ್ಟೊಂದು ಜನರನ್ನು ಒಟ್ಟಿಗೆ ನೋಡಿದರೆ ಏನಾದರೂ ತಿಳಿಯಬಹುದು, ಅದು ಕೂಡ ಇನ್ನೂ ಖಾತ್ರಿಯಿಲ್ಲ ಎಂದರು. ಅಂದರೆ ಲಾರಿ ಲೋಡಿಗೆ ಹೇಳ್ತೀರಿ, ಕಾಯಿಗೆ ಹೇಳಲ್ಲ ಎಂದರು ಭಾವ. ಹೌದು ಎಂದು ಆಕೆ ನಕ್ಕರು. ಮಾತ್ರೆ ತಪ್ಪಿಸಬೇಡಿ, ಉಪ್ಪು ಬಿಡಿ, ಅದು ನಿಮ್ಮ ಕೈಯಲ್ಲಿದೆ, ಉಳಿದದ್ದು ನನಗೂ ಗೊತ್ತಿಲ್ಲ, ವರ್ಷ ಕಳೆದ ಮೇಲೆ ನೀವೇ ಬಂದು ನನಗೆ ಹೇಳಬೇಕು ಎಂದರು.

ಭಾವ ಟವೆಲು ಹೆಗಲಿಗೆ ಹಾಕಿಕೊಂಡು ಎದ್ದರು.

"ಅಂದ್ರೆ ನೀವೂ ನಮ್ಮನ್ನೆಲ್ಲಾ ಅಟ್ಟಕ್ಕೆ ಹಾಕಿ ಕೂತಿದ್ದೀರಿ ಅನ್ನಿ."

ಡಾಕ್ಟರಮ್ಮ ನಕ್ಕುಬಿಟ್ಟರು. ನಾನೂ ನಕ್ಕೆ. ಭಾವ ನಗಲಿಲ್ಲ. ರೈಲಿನಲ್ಲಿ ತುಮಕೂರು ದಾಟುವವರೆಗೂ ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ಗುಬ್ಬಿ ಬರುವ ಹೊತ್ತಿಗೆ, ಹಸಿಕಾಯಿ ಕೊಳ್ಳೋರಿಗೆ ನಾಳೆ ಹೇಳಿ ಕಳಿಸು ಎಂದರು. ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಇಷ್ಟು ಸಣ್ಣ ದನಿ ನಾನು ಕೇಳಿರಲಿಲ್ಲ.

ಮನೆ ಮುಟ್ಟಿದಾಗ ಸಂಜೆ. ಅಂಗಳಕ್ಕೆ ಕಾಲಿಟ್ಟ ಭಾವ ಹಾಗೇ ನಿಂತರು. ರಾಶಿ ಇಲ್ಲ! ಅಂಗಳ ಗುಡಿಸಿ ನೀರು ಚಿಮುಕಿಸಿತ್ತು. ಏಣಿ ಅಟ್ಟಕ್ಕೆ ಒರಗಿತ್ತು. ನಾವು ಬೆಳಗ್ಗೆ ರೈಲು ಹತ್ತಿದ ಮೇಲೆ ಅಕ್ಕ ಆಳುಗಳನ್ನು ಕರೆಸಿ ಒಂದು ಕಾಯಿ ಬಿಡದಂತೆ ಅಟ್ಟಕ್ಕೆ ಹಾಕಿಸಿದ್ದಳು. ಟೈಲರ್ ಭಾಯಿ ಅಂಗಡಿ ಮುಚ್ಚಿ ಬಂದು ಏಣಿ ಹಿಡಿದುಕೊಂಡು ನಿಂತಿದ್ದರಂತೆ, ಕೆಮ್ಮುತ್ತಾ.

ಭಾವನ ಮುಖ ಕೆಂಪಾಯಿತು. ಯಾರನ್ನು ಕೇಳಿ ಹಾಕಿಸಿದೆ ಎಂದು ಗುಡುಗಿದರು. ಅಕ್ಕ ಅಡುಗೆ ಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತಾ ನಿಂತಿದ್ದಳು.

"ಇಳಿಸಾಕೆ ನೀವಿರ್ತೀರಲ್ಲ. ಹಾಕ್ಸಾಕೂ ನಿಮ್ಮನ್ನೇ ಕೇಳ್ಬೇಕಾ?"

ಅಷ್ಟು ಹೇಳಿ ಒಳಗೆ ಹೋಗಿ ತಟ್ಟೆ ಹಾಕಿದಳು. ಭಾವ ಜಗಲಿಯ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮಕ್ಕಂಗೆ ಈ ಟೆಸ್ಟು ಗಿಸ್ಟು ಒಂದೂ ಅರ್ಥ ಆಗಲ್ಲ ಕಣಯ್ಯ ಎಂದು ದೂರು ಹೇಳಿ, ಎದ್ದು ಹೋಗಿ ಉಪ್ಪಿಲ್ಲದ ಸಾರಿನಲ್ಲಿ ಮುದ್ದೆ ಉಂಡರು. ಅವತ್ತು ಮೊದಲ ಸಲ ಸಾರಿನ ಬಗ್ಗೆ ಅವರು ಏನೂ ಹೇಳಲಿಲ್ಲ.

ಅಲ್ಲಿಂದ ಮುಂದೆ ಮಾತ್ರೆ ಒಂದು ದಿನವೂ ತಪ್ಪಲಿಲ್ಲ. ನಿಯಮ ನಿಯಮವೇ. ಹಾಕಿಯಾಗಿದೆ, ಇನ್ನು ಇಳಿಸಲೇಬೇಕು! ಮದುವೆ ಮನೆಗಳಲ್ಲಿ ಹಪ್ಪಳ ಸರಿಸಿ ಇಡುತ್ತಿದ್ದರು. ಹತ್ತು ತಿಂಗಳು ಕಳೆದು ಹನ್ನೊಂದನೆಯದು ಬಂತು. ಕಾಯಿ ಇಳಿಸುವ ದಿನ ಭಾವ ಕೆಳಗೆ ಕುರ್ಚಿ ಹಾಕಿಸಿಕೊಂಡು, ಬೆಳಗಿನಿಂದ ಸಂಜೆಯವರೆಗೆ ಆಳುಗಳನ್ನು, ಭಾಯಿಯನ್ನು, ನನ್ನನ್ನು ಒಂದೇ ಸಮನೆ ಬೈದರು. ಅಷ್ಟು ಸಂತೋಷದ ಬೈಗುಳ ನಾನು ಯಾವತ್ತೂ ತಿಂದಿಲ್ಲ.

ಮಧ್ಯಾಹ್ನ ಅಕ್ಕನಿಗೆ ಕಾಫಿ ಲೋಟ ಎತ್ತಿಕೊಡುತ್ತಾ, ಅವತ್ತು ಅಷ್ಟು ಧೈರ್ಯ ನಿನಗೆ ಎಲ್ಲಿಂದ ಬಂತಕ್ಕಾ ಎಂದು ಕೇಳಿದೆ. ಅವಳು ಒಲೆ ಕಡೆ ನೋಡುತ್ತಾ ಹೇಳಿದಳು.

"ಧೈರ್ಯ ಎಲ್ಲಿತ್ತೋ? ಅವತ್ತಿಂದ ದಿನಾ ಬೆಳಿಗ್ಗೆ ಎದ್ದೇಟಿಗೆ ಅವರ ಎದೆ ಮೇಲೆ ಕೈ ಇಟ್ಟು ನೋಡ್ತೀನಿ. ಆಡ್ತಾ ಐತೆ ಅಂತ ಗೊತ್ತಾದ ಮೇಲೇ ಒಲೆ ಹಚ್ಚೋದು. ಅವರಿಗೆ ಹೇಳ್ಬ್ಯಾಡ ಕಣೋ."

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಆಗಲೇ ಹೇಳಿದ್ದೇನೆ. ಸಂಜೆ ಆಳುಗಳೆಲ್ಲ ಹೋದ ಮೇಲೆ ಭಾವನ ಪಕ್ಕದಲ್ಲಿ ಕೂತು ಹೇಳಿಯೇ ಬಿಟ್ಟೆ. ಭಾವ ಆಶ್ಚರ್ಯಪಡಲಿಲ್ಲ.

"ಗೊತ್ತು ಕಣಯ್ಯ. ಅಷ್ಟೊತ್ತಿಗೆ ನಂಗೆ ಎಚ್ಚರಾಗಿರ್ತದೆ. ಅವಳು ಕೈ ತೆಗೆಯೋಗಂಟ ಅಲ್ಲಾಡಲ್ಲ."

ಮತ್ತೆ ಎಚ್ಚರವಾಗಿದ್ದೀನಿ ಅಂತ ಹೇಳಿಬಿಡಬಾರದಾ ಭಾವ, ಅವಳ ಭಯವಾದರೂ ಹೋಗುತ್ತಲ್ಲ ಎಂದೆ.

ಭಾವ ಒಳಗೆ ಅಕ್ಕ ಪಾತ್ರೆ ತೊಳೆಯುವ ಸದ್ದು ಬರುತ್ತಿದ್ದ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿದರು.

"ಹೇಳಿದ್ರೆ ನಾಳೆಯಿಂದ ಇಡಲ್ವಲ್ಲೋ."